ಬೆಟ್ಟದ ಫೋಟೋದಲ್ಲಿದ್ದ ಕಣ್ಣು

ದೆವ್ವದ ಮುಖವನ್ನು ಕೈಯಾರೆ ತಯಾರು ಮಾಡುವವನಿಗೆ ದೆವ್ವದ ಭಯ ಇರುವುದಿಲ್ಲ. ನನಗೂ ಇರಲಿಲ್ಲ. ಯಾರಾದರೂ ಹುಣಸೆಮರದ ಕತೆ ತೆಗೆದರೆ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿದವರು ಏನೆಂದುಕೊಂಡರೂ ಸರಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೊಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವುದಿಲ್ಲ.

ಗುಂಡ್ಲುಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಕೆಲಸ ಕಲಿಸಿದವರು ಅಂಗಡಿಯ ಯಜಮಾನರು. ನಾಮಕರಣಕ್ಕೆ ಬಲೂನು, ಶ್ರದ್ಧಾಂಜಲಿಗೆ ಎರಡು ದೀಪ, ಹಿಂದೆ ಬಿಳಿ ಮೋಡ. ಹಾರರ್ ಪಿಕ್ಚರಿಗೂ ಹೀಗೇ ಕಟ್ಟುಪಾಡು ಉಂಟು. ಕೂದಲು ಬಿಚ್ಚಿರಬೇಕು, ಅರ್ಧ ಮುಖ ಕತ್ತಲಲ್ಲಿರಬೇಕು, ಚರ್ಮಕ್ಕೆ ಹಸಿರು ಬಣ್ಣ ಬಳಿಯಬೇಕು, ಹೆಸರಿನ ಅಕ್ಷರಗಳಿಂದ ರಕ್ತ ತೊಟ್ಟಿಕ್ಕಬೇಕು. ಕೆಂಪು ಅದೊಂದೇ ಕಡೆ. ಎಲ್ಲಾ ಕಡೆ ಚೆಲ್ಲಿದರೆ ಮಟನ್ ಅಂಗಡಿ ಬೋರ್ಡಾಗುತ್ತದೆ ಎನ್ನುತ್ತಿದ್ದರು. "ಇದ್ಯಾವ್ದೂ ಬರ್ದಿದ್ರೂ ಪರ್ವಾಗಿಲ್ಲ ಕಣ್ಲಾ, ಕಣ್ ಗುಡ್ಡೆ ಅಳಿಸ್ಬುಡು. ನಮ್ಮನ್ನ ನೋಡ್ದೇ ಇರೋ ಮುಖ ಅದೆಯಲ್ಲ, ಅದಕ್ಕೇ ಜನ ಹೆದರೋದು." ಕೆಳಗಡೆ ಹಾಕುವ ಮಂಜು ಮಾತ್ರ ಶ್ರದ್ಧಾಂಜಲಿಯ ಮೋಡವೇ. ಬಣ್ಣ ಬದಲಿಸಿ ಎರಡಕ್ಕೂ ಅದನ್ನೇ ಹಾಕುತ್ತೇವೆ.

ಚಾಮರಾಜನಗರದ ಕೆಲವರು ಸೇರಿ ಒಂದು ದೆವ್ವದ ಪಿಕ್ಚರ್ ಮಾಡಿದ್ದರು. ನಾಯಕಿಯ ಮುಖ ಈಗಲೇ ತೋರಿಸಬಾರದು, ಬೇರೆ ಯಾವುದಾದರೂ ಹೆಣ್ಣು ಮುಖ ಹಾಕಿ, ಸಂಜೆಗೆ ಬೇಕು ಎಂದರು. ನನ್ನ ಕಂಪ್ಯೂಟರಿನಲ್ಲಿ ತಂಗಿ ರತ್ನಳ ಫೋಟೋ ಇತ್ತು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದಾಗ ನಾನೇ ಫೋನಿನಲ್ಲಿ ತೆಗೆದದ್ದು. ಗಾಳಿಗೆ ಜಡೆ ಬಿಚ್ಚಿ ಕೂದಲು ಕೆನ್ನೆಯ ಮೇಲೆ ಹಾರಿತ್ತು, ಹಿಂದೆ ನಿಜವಾದ ಮಂಜು. ನಗು ತಡೆದುಕೊಂಡು ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಕಟ್ಟುಪಾಡಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಕಣ್ಣು ಅಳಿಸುವುದೊಂದು ಬಾಕಿ, ಅಳಿಸಿದೆ. ಅವಳನ್ನು ಕೇಳಲಿಲ್ಲ. ಅವಸರದಲ್ಲಿ ಮೂಲ ಫೋಟೋದ ಮೇಲೆಯೇ ಸೇವ್ ಮಾಡಿಬಿಟ್ಟದ್ದು ಗಮನಕ್ಕೂ ಬರಲಿಲ್ಲ.

ಫ್ಲೆಕ್ಸುಗಳಲ್ಲಿ ಒಂದನ್ನು ತೆರಕಣಾಂಬಿ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದರು. ನಮ್ಮೂರು ಅದರ ಪಕ್ಕದಲ್ಲೇ. ಚೆಂಡುಹೂವು ಕೀಳುವ ಕೆಲಸಕ್ಕೆ ರತ್ನ ಬಸ್ಸು ಹತ್ತುತ್ತಿದ್ದದ್ದು ಅಲ್ಲಿಂದಲೇ. ಜೊತೆಯ ಹೆಂಗಸರು ಬಿಡುತ್ತಾರೆಯೇ? "ಏನಮ್ಮಿ ರತ್ನಿ, ನಮಗೊಂದ್ ಮಾತೂ ಹೇಳ್ದೆ ಪಿಕ್ಚರ್‌ಗೆ ಸೇರ್ಕಬುಟ್ಯಲ್ಲ! ಮೇಕಪ್ ಮಾಡುದ್ರಾ, ಇಲ್ಲ ಹಾಸ್ಗೆಯಿಂದ ಎದ್ದಂಗೇ ನಿಲ್ಸುದ್ರಾ?"

ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದಳು. "ಅಣ್ಣ, ಆ ಫೋಟೋ ನಂದಲ್ವಾ? ಸರದಲ್ಲಿ ಸೇಫ್ಟಿ ಪಿನ್ ಅದೆ."

ಪಿನ್ನು ಅಳಿಸಲು ಮರೆತಿದ್ದೆ. ತಟ್ಟೆಯಿಂದ ತಲೆ ಎತ್ತದೆ, "ಅಲ್ಲ ಕಣಮ್ಮಿ, ಯಾವ್ದೋ ಇಂಟರ್‌ನೆಟ್ ಫೋಟೋ. ಪಿನ್ ಸಿಕ್ಕುಸ್ಕಳೋಳು ನೀನೊಬ್ಳೇನಾ?" ಎಂದೆ.

"ಹಂಗಾದ್ರೆ ಸರಿ ಬುಡು" ಅಂದಳು.

ಅವಳು ಜಗಳ ಮಾಡಿದ್ದರೆ ಒಳ್ಳೆಯದಿತ್ತು. ನಂಬಿಬಿಟ್ಟಳು. ಯಾರು ರೇಗಿಸಿದರೂ "ನಮ್ಮಣ್ಣನೇ ಹೇಳವ್ನೆ, ನಂದಲ್ಲ" ಎಂದು ವಾದ ಮಾಡುತ್ತಿದ್ದಳು. ಉಮ್ಮತ್ತೂರಿನಿಂದ ಹೆಣ್ಣು ನೋಡಲು ಬಂದವರಿಗೂ ಅದನ್ನೇ ಹೇಳಿದಳು. ಅವರು ತಿರುಗಿ ಬರಲಿಲ್ಲ. ಅದಕ್ಕೇ ಬರಲಿಲ್ಲ ಎನ್ನಲು ಸಾಕ್ಷಿಯಿಲ್ಲ. ಆಮೇಲೆ ಅವಳು ಬಸ್ ಸ್ಟ್ಯಾಂಡಿಗೆ ಹೋಗದೆ ಮುಂದಿನ ಸ್ಟಾಪಿನವರೆಗೆ ನಡೆದು ಬಸ್ಸು ಹತ್ತತೊಡಗಿದಳು. ನಾನು ಹೋಗಿ ಆ ಫ್ಲೆಕ್ಸನ್ನು ಕಿತ್ತುಹಾಕಬಹುದಿತ್ತು. ಕಿತ್ತರೆ ಸುಳ್ಳು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಸುಮ್ಮನಿದ್ದೆ.

ಮರುವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ರತ್ನ ತೀರಿಕೊಂಡಳು.

ಶ್ರದ್ಧಾಂಜಲಿ ಫ್ಲೆಕ್ಸು ಮಾಡಬೇಕಾದವನು ನಾನೇ. "ಬೆಟ್ಟದ ಫೋಟೋನೇ ಹಾಕು ಕಣ್ಲಾ, ಅದ್ರಲ್ಲಿ ನಗ್ತಾ ಅವ್ಳೆ" ಎಂದಳು ಅವ್ವ. ಅಂಗಡಿಗೆ ಹೋಗಿ ಫೋಟೋ ತೆಗೆದು ನೋಡಿದರೆ ಎರಡು ಬಿಳಿ ಗುಳಿ. ಅದನ್ನು ತೆಗೆದ ಫೋನು ಎಂದೋ ನೀರಿಗೆ ಬಿದ್ದು ಹೋಗಿತ್ತು. ಹಸಿರು ಬಣ್ಣ ತೆಗೆಯಲು ಬಂತು, ಕತ್ತಲು ತೆಗೆಯಲು ಬಂತು, ಅಳಿಸಿದ ಕಣ್ಣು ತರಲು ಬರಲಿಲ್ಲ. ಕೊನೆಗೆ ಬಾಗಿಲು ಹಾಕಿಕೊಂಡು ನನ್ನ ಕಣ್ಣಿನ ಫೋಟೋ ತೆಗೆದೆ. ಕತ್ತರಿಸಿ ಅವಳ ಮುಖಕ್ಕೆ ಕೂರಿಸಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹೊಂದಿಕೊಂಡವು. ಜೀವ ಇದ್ದಂಗೇ ಅದೆ ಎಂದು ಊರವರೆಲ್ಲ ಅಂದರು. ಅವ್ವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

ನಾನು ಹೇಳಬೇಕೆಂದಿದ್ದದ್ದು ನಡೆದದ್ದು ಅದಾಗಿ ಎರಡು ವರ್ಷಕ್ಕೆ. ಇಂಥದ್ದೆಲ್ಲ ರಾತ್ರಿ ನಡೆಯುತ್ತದೆ ಎನ್ನುತ್ತಾರೆ, ನನಗೆ ನಡೆದದ್ದು ಮಟಮಟ ಮಧ್ಯಾಹ್ನ. ತೆರಕಣಾಂಬಿ ಕಡೆಯ ಒಂದು ಹಳ್ಳಿಗೆ ಫ್ಲೆಕ್ಸು ಕೊಡಲು ಬೈಕಿನಲ್ಲಿ ಹೋಗುತ್ತಿದ್ದೆ. ನಮ್ಮ ಕಡೆ ಹಳೆಯ ಫ್ಲೆಕ್ಸು ದಂಡವಾಗುವುದಿಲ್ಲ, ಹುಲ್ಲಿನ ಮೆದೆಗೋ ಮೇಕೆ ಕೊಟ್ಟಿಗೆಗೋ ಹೊದಿಕೆಯಾಗುತ್ತದೆ. ರಸ್ತೆ ಬದಿಯ ಒಂದು ಮೇಕೆ ಕೊಟ್ಟಿಗೆಗೆ ಮರೆ ಕಟ್ಟಿದ್ದದ್ದು ನಾನು ಮಾಡಿದ ದೆವ್ವದ ಫ್ಲೆಕ್ಸು. ರಕ್ತದ ಅಕ್ಷರ ಬಿಸಿಲಿಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಸರದ ಪಿನ್ನು ಹಾಗೇ ಇತ್ತು. ಆದರೆ ಕಣ್ಣಿನಲ್ಲಿ ಕಪ್ಪು ಗುಡ್ಡೆ ಇತ್ತು. ನಗು ತಡೆದುಕೊಂಡ, ಬೆಟ್ಟದ ಮೇಲಿನ ಅದೇ ಕಣ್ಣು.

ಬೈಕು ನಿಲ್ಲಿಸಿ ಹತ್ತಿರ ಹೋದೆ. ಬೆರಳಿಗೆ ಎಂಜಲು ಮಾಡಿಕೊಂಡು ಉಜ್ಜಿದೆ. ಮಸಿಯಲ್ಲ, ಕೆಸರಲ್ಲ. ಎಲ್ಲಾ ಫ್ಲೆಕ್ಸೂ ಪ್ರಿಂಟಾದದ್ದು ಕಣ್ಣಿಲ್ಲದ ಆ ಒಂದೇ ಫೋಟೋದಿಂದ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊಟ್ಟಿಗೆಯ ಅಜ್ಜಿ ಹೊರಗೆ ಬಂದರು. "ಏನಪ್ಪ, ಮೇಕೆ ಬೇಕಿತ್ತಾ?"

"ಇಲ್ಲ ಅಜ್ಜಿ. ಈ ಫೋಟೋಗೆ ಕಣ್ಣು ಯಾರು ಬರೆದ್ರು?"

"ಯಾರ್ ಬರೀತಾರೆ? ಕಟ್ದಾಗಿಂದ್ಲೂ ಅವೆ. ಕಣ್ಣಿಲ್ದಿರೋ ಫೋಟೋ ಯಾವನಾದ್ರೂ ಮಾಡ್ತಾನಾ?"

ಕುಡಿಯಲು ನೀರು ಕೇಳಿದೆ. ಅಜ್ಜಿ ನೀರು ತರಲು ಒಳಗೆ ಹೋದರು. ಆಗ, ಆ ಬಿಸಿಲಿನಲ್ಲಿ, ಊಟದ ತಟ್ಟೆಯ ಮುಂದೆ ಹೇಳಬೇಕಾಗಿದ್ದನ್ನು ಹೇಳಿದೆ. "ನಿಂದೇ ಕಣಮ್ಮಿ. ಆ ಫೋಟೋ ನಿಂದೇ."

"ಯಾರ್ ಜೊತೆ ಮಾತು, ಹೋತದ ಜೊತೇನಾ?" ಎಂದು ನಗುತ್ತಾ ಅಜ್ಜಿ ಚೊಂಬು ಕೊಟ್ಟರು.

ಬೈಕಿನಲ್ಲಿದ್ದ, ಚುನಾವಣೆ ಮುಗಿದು ಬೇಡವಾಗಿದ್ದ ಫ್ಲೆಕ್ಸೊಂದನ್ನು ಅವರ ಕೊಟ್ಟಿಗೆಗೆ ಕಟ್ಟಿಕೊಟ್ಟು, ಹಳೆಯದನ್ನು ಸುತ್ತಿಕೊಂಡೆ. ಅವಳ ಕಣ್ಣನ್ನು ತೆಗೆದು ಮನೆಯ ಫೋಟೋಗೆ ಹಾಕಬೇಕು, ನನ್ನದನ್ನು ಕಿತ್ತುಹಾಕಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಅಲ್ಲೇ ಫೋನಿನಲ್ಲಿ ಹಿಡಿದುಕೊಳ್ಳಬಹುದಿತ್ತು. ಫ್ಲೆಕ್ಸೇ ಸಿಕ್ಕಿತಲ್ಲ ಎಂದುಕೊಂಡೆ.

ಅಂಗಡಿಯ ನೆಲದ ಮೇಲೆ ಬಿಚ್ಚಿ ಹಾಸಿದೆ. ಎರಡು ಬಿಳಿ ಗುಳಿ, ನಾನು ಮಾಡಿದ ಹಾಗೆಯೇ.

ಯಜಮಾನರು ಬಗ್ಗಿ ನೋಡಿದರು. "ಇದನ್ಯಾಕ್ಲಾ ತಂದೆ? ಚೆನ್ನಾಗ್ ಮಾಡಿದ್ದೆ ಕಣ್ಲಾ. ಆ ಕಣ್ಣ ನೋಡುದ್ರೆ ಈಗ್ಲೂ ಮೈ ಜುಮ್ ಅಂತದೆ."

ಮರುದಿನ ಮತ್ತೆ ಅಜ್ಜಿಯ ಬಳಿ ಹೋಗಿ ಕೇಳಿದೆ. ಅವರ ಮಾತು ಬದಲಾಗಲಿಲ್ಲ. "ಇತ್ತು ಅಂದ್ನಲ್ಲಪ್ಪ. ಮನೆ ಮಗ್ಳಂಗೆ ನೋಡ್ತಿದ್ಲು. ಅವಳ್ನ ಕಿತ್ಕಂಡೋಗ್ಬುಟ್ಟು ಈ ಕೈ ಮುಗಿಯೋರ್ನ ಕಟ್ಬುಟ್ಟೆ."

ಬಿಸಿಲಿಗೆ ಕಣ್ಣು ಮಂಜಾಗಿತ್ತು ಎನ್ನಿ, ಪಾಪಪ್ರಜ್ಞೆ ಎನ್ನಿ, ಒಪ್ಪುತ್ತೇನೆ. ಆದರೆ ಆ ಅಜ್ಜಿಗೆ ಯಾವ ಪಾಪ? ನನ್ನಿಂದ ಆ ಒಂದು ಮಾತು ಕೇಳಲೆಂದೇ ರತ್ನ ಕಣ್ಣು ಬಿಟ್ಟುಕೊಂಡು ಕಾದಿದ್ದಳೇ? ಯೋಚಿಸಿ ಯೋಚಿಸಿ ಸಾಕಾಗಿದೆ, ತಿಳಿದಿಲ್ಲ. ಈಗ ದೆವ್ವದ ಪಿಕ್ಚರಿನ ಕೆಲಸ ಬಂದರೆ ಯಜಮಾನರೇ ಮಾಡಿಕೊಳ್ಳುತ್ತಾರೆ.

ಮೇಕೆ ಕೊಟ್ಟಿಗೆಯ ಮುಂದೆ ಒಪ್ಪಿಕೊಂಡವನಿಗೆ ಅವ್ವನ ಮುಂದೆ ಇವತ್ತಿಗೂ ಬಾಯಿ ಬಂದಿಲ್ಲ. ಅವ್ವ ಪ್ರತಿ ಸೋಮವಾರ ದೀಪ ಹಚ್ಚುವ ಮೊದಲು ಫೋಟೋ ಇಳಿಸಿ ಸೆರಗಿನಿಂದ ಒರೆಸುತ್ತಾಳೆ. ಮೊದಲು ಕಣ್ಣು. "ನೋಡ್ಲಾ, ಎಲ್ ನಿಂತ್ರೂ ನನ್ನೇ ನೋಡ್ತಾಳೆ ನನ್ ಮಗ್ಳು" ಎನ್ನುತ್ತಾಳೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಅವಳು ಒರೆಸುತ್ತಿರುವುದು ನನ್ನ ಕಣ್ಣನ್ನು.