ಹುಣಸಿ ಗಿಡ ಬಿಟ್ಟುಹೋದ ಇಣಚಿ

ಆಗಿನ್ನೂ ನವಿಲುತೀರ್ಥದ ಅಣೆಕಟ್ಟಿನ ನೀರು ನಮ್ಮ ಹೊಲದ ಕಾಲುವೆಗೆ ಹೊಸದಾಗಿ ಬಂದಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಒಂಬತ್ತು ವರ್ಷ. ಜೋಳದ ಹೊಲದಲ್ಲಿ ಕಬ್ಬು ಹಚ್ಚಬೇಕೆಂದು ಅಪ್ಪ ದೂರದಿಂದ ಲಾರಿ ತುಂಬ ಕಬ್ಬಿನ ಬೀಜ ತರಿಸಿದ. ಅದರ ಜೋಡಿ ಉದ್ದ ಕಾಲಿನ ಹಳದಿ ಇರುವೆಗಳೂ ಬಂದವು. ನಮ್ಮ ಕಡೆ ಅಂಥವನ್ನು ಯಾರೂ ಕಂಡಿರಲಿಲ್ಲ. ಕಚ್ಚುತ್ತಿರಲಿಲ್ಲ, ದಿಕ್ಕುಗೆಟ್ಟವರಂತೆ ಓಡುತ್ತಿದ್ದವು. ‘ಹುಚ್ಚ ಇರುವಿ’ ಎಂದು ನಾನೂ ಅಕ್ಕನೂ ನಗುತ್ತಿದ್ದೆವು.

ಎರಡನೆಯ ಬೇಸಗೆಯ ಹೊತ್ತಿಗೆ ಬಾವಿ ದಂಡೆಯ ಹುಣಸಿ ಗಿಡದ ತುಂಬ ಅವೇ. ಬುಡದ ಬಿಲದಲ್ಲಿದ್ದ ಮುಂಗುಸಿ ಮೊದಲು ಕಾಣೆಯಾಯಿತು. ಆಮೇಲೆ ಇಲಿಗಳು. ಉಳಿದದ್ದು ಪೊಟರೆಯಲ್ಲಿ ಮೂರು ಮರಿ ಹಾಕಿದ್ದ ಒಂದು ಇಣಚಿ, ಅಂದರೆ ಅಳಿಲು, ಮಾತ್ರ.

ಒಂದು ಮಧ್ಯಾಹ್ನ ಅಪ್ಪನ ತಾಯಿ, ನಮ್ಮ ಆಯಿ, ಹುಣಸಿಹಣ್ಣು ಕುಟ್ಟುತ್ತ ಕೂತಿದ್ದಳು. ನಾವು ಉಪ್ಪು, ಬೆಲ್ಲ, ಜೀರಿಗೆ ಸೇರಿಸಿ ಚಿಗಳಿ ಮಾಡಿ ಚೀಪುತ್ತಿದ್ದೆವು. ಇಣಚಿ ಬಾಯಲ್ಲಿ ಮರಿ ಕಚ್ಚಿಕೊಂಡು ಗಿಡ ಇಳಿದು, ಆಚೆಯ ಮೇವಿನ ಬಣವಿಗೆ ಓಡಿತು. ಮತ್ತೆ ಬಂದು ಇನ್ನೊಂದನ್ನು ಒಯ್ದಿತು. ನಡುನಡುವೆ ನಿಂತು ಮುಖ ಉಜ್ಜಿಕೊಳ್ಳುತ್ತಿತ್ತು, ಕಾಲು ಝಾಡಿಸುತ್ತಿತ್ತು.

“ಅಳ್ಳಾಡಬ್ಯಾಡ. ಇನ್ನೂ ಒಂದು ಐತಿ,” ಅಂದಳು ಅಕ್ಕ.

ಮರಿ ಕಣ್ಣು ಬಿಟ್ಟಿದೆಯೋ ಇಲ್ಲವೋ ನೋಡುವ ಆಸೆ ನನಗೆ. ಹೋಗಿ ಗಿಡದ ಬುಡದಲ್ಲೇ ನಿಂತೆ. ಮೂರನೆಯ ಸಲ ಬಂದ ಇಣಚಿ ನನ್ನನ್ನು ಕಂಡು ಅಲ್ಲೇ ನಿಂತಿತು. ಬಾಲ ಕುಣಿಸುತ್ತ ಚಿಂವ್ ಚಿಂವ್ ಎಂದು ಬಹಳ ಹೊತ್ತು ಒದರಿತು.

“ಈಕಡೆ ಬಾರವ್ವ,” ಆಯಿ ಕರೆದಳು. ನಾನು ಹೋಗಲಿಲ್ಲ. ಇಣಚಿ ಬಣವಿಗೆ ತಿರುಗಿ ಹೋಯಿತು. ಮತ್ತೆ ಬರಲಿಲ್ಲ.

ಸಂಜೆ ಅಪ್ಪ ನಿಚ್ಚಣಿಕೆ ಹಚ್ಚಿ ಮರಿಯನ್ನು ಇಳಿಸಿದ. ಮೈತುಂಬ ಹಳದಿ ಇರುವೆ. ಆಯಿ ಸೆರಗಿನಿಂದ ಒರೆಸಿದಳು, ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗಿಟ್ಟಳು. ಕಚ್ಚದ ಆ ಇರುವೆಗಳು ಚಿಮ್ಮಿಸುವ ಉರಿಯುವ ರಸಕ್ಕೆ ಮುಚ್ಚಿದ ರೆಪ್ಪೆಗಳು ಊದಿದ್ದವು. ದೀಪ ಹಚ್ಚುವ ಮೊದಲೇ ಉಸಿರು ನಿಂತಿತು.

“ನನ್ನಿಂದ ಸತ್ತಿತೇನ ಆಯಿ?” ಕೇಳಿದೆ.

ಆಯಿ ಸುಳ್ಳು ಹೇಳುವವಳಲ್ಲ. “ಇರುವಿ ಕೊಂದ್ವು. ಆದರ ಅದರವ್ವ ಬಂದಿದ್ದಳು,” ಅಂದಳು. ಆಮೇಲೆ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಮರುವರ್ಷ ಹುಣಸಿ ಕಾಯಿಗಳ ಮೇಲೆ ಇಣಚಿ ಹಲ್ಲಿನ ಒಂದು ಗುರುತೂ ಇರಲಿಲ್ಲ. ಫಸಲು ಚೊಕ್ಕ ಬಂದಿದೆ ಎಂದು ಎಲ್ಲರೂ ಹೊಗಳಿದರು. ಇಂದಿಗೂ ಆ ಹೊಲಕ್ಕೆ ಹೋದರೆ ನಾನು ಗಿಡದಿಂದ ದೂರವೇ ನಿಲ್ಲುತ್ತೇನೆ, ಯಾರಿಗೋ ದಾರಿ ಬಿಟ್ಟವಳಂತೆ. ಆ ದಾರಿಯಲ್ಲಿ ಈಗ ಯಾವ ಜೀವವೂ ಬರುವುದಿಲ್ಲ.