ಕಣ್ಣು ಕೊಟ್ಟವರಿಗೊಂದು ಎಲೆ

ಹೆಬ್ಬಗೋಡಿಯ ಅನುಸೂಯಮ್ಮ ತನ್ನ ಬಾಡಿಗೆ ಮನೆಗಳಲ್ಲಿದ್ದ ಫ್ಯಾಕ್ಟರಿ ಹುಡುಗರನ್ನು ದನಿಯಿಂದಲೇ ಗುರುತಿಸುತ್ತಿದ್ದಳು. ಚಿಕ್ಕಂದಿನಲ್ಲೇ ಎರಡೂ ಕಣ್ಣಿಗೆ ಮಂಜು ಕವಿದಿತ್ತು, ಬರಬರುತ್ತಾ ದಟ್ಟವಾಯಿತು. ಒಲೆಯ ಹೊಗೆಯಿಂದ ಹೀಗಾಯಿತೆಂದು ಊರವರು ತೀರ್ಮಾನಿಸಿಬಿಟ್ಟಿದ್ದರು. ಊರವರಿಗೆ ತೀರ್ಮಾನಿಸಲು ಎಷ್ಟು ಹೊತ್ತು ಬೇಕು!

2012ರಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. ಕರಿಗುಡ್ಡೆಯ ಮೇಲಿನ ಗಾಜಿನಂಥ ಪೊರೆ ಕಾರ್ನಿಯಾ. ಮಬ್ಬಾಗಿದ್ದ ಅದನ್ನು ಬಿಲ್ಲೆಯಂತೆ ಕತ್ತರಿಸಿ ತೆಗೆದು, ತೀರಿಕೊಂಡ ಯಾರೋ ದಾನ ಮಾಡಿದ್ದನ್ನು ಆ ಜಾಗಕ್ಕೆ ಹೊಲಿದರು. ತೆಗೆದ ಬಿಲ್ಲೆಯನ್ನು ಲ್ಯಾಬಿನಲ್ಲಿ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡಿದರು.

"ಹೊಗೆಯಿಂದ ಅಲ್ಲಮ್ಮ, ಇದು ರಕ್ತದಲ್ಲೇ ಬಂದಿದ್ದು. ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆ ಆಗಿದ್ರಾ?" ಎಂದು ಡಾಕ್ಟರು ಕೇಳಿದರು.

"ನಮ್ಮಮ್ಮ ಸೋದರಮಾವನ್ನೇ ಕಟ್ಕೊಂಡಿದ್ಲು ಸಾರ್. ಪಾಪ, ಒಲೇನ ಸುಮ್ನೆ ಬೈದ್ಬಿಟ್ವಿ."

ಆ ವರ್ಷ ಮಹಾಲಯ ಅಮಾವಾಸ್ಯೆ ಬಂತು. ಸತ್ತ ಹಿರಿಯರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಎಡೆ ಇಡುವ ದಿನ. ಕಣ್ಣು ಕೊಟ್ಟವರಿಗೂ ಒಂದು ಎಲೆ ಹಾಕಲೇಬೇಕೆಂದು ಅನುಸೂಯಮ್ಮ ಪಟ್ಟು ಹಿಡಿದಳು. ಯಾರೆಂದು ಆಸ್ಪತ್ರೆಯವರು ಹೇಳಿರಲಿಲ್ಲ. ಮನೆಯ ಎಡೆಗೆ ಮಾಡಿದ್ದ ಮಟನ್ ತಿನ್ನದವರಾಗಿದ್ದರೆ ಎಂದು ಅವಳು ಬೇರೆ ಪಾತ್ರೆಯಲ್ಲಿ ಅನ್ನ, ಬೇಳೆಸಾರು, ಪಾಯಸ ಮಾಡಿದಳು.

ಗಂಡ ಸೊಣ್ಣಪ್ಪ ಮುಖ ಗಂಟಿಕ್ಕಿದ. "ಎಸ್ರು ಗೊತ್ತಿಲ್ಲ, ಕುಲ ಗೊತ್ತಿಲ್ಲ. ಮನೆ ಇರೀಕರ ಜೊತೆ ಎಂಗೆ ಕೂರುಸ್ತೀಯ? ನಮ್ಮವ್ವ ಇದ್ದಿದ್ರೆ ಒಪ್ತಿದ್ಲಾ?"

ಅನುಸೂಯಮ್ಮ ಅತ್ತೆಯ ಫೋಟೋ ಹತ್ತಿರ ಹೋಗಿ ನಿಂತಳು.

"ಇಪ್ಪತ್ತು ವರ್ಸ ಅತ್ತೆ ಕೈಯಡುಗೆ ಉಂಡೆ. ಅವರ ಗಲ್ಲದ ಮೇಲೆ ಮಚ್ಚೆ ಐತೆ ಅಂತ ನಂಗೆ ಗೊತ್ತಾಗಿದ್ದು ಆಸ್ಪತ್ರೆಯಿಂದ ಬಂದ್ಮೇಲೆ. ಇವರು ಕಣ್ಣು ಕೊಟ್ಟಿದ್ದಕ್ಕೇ ಅಲ್ವಾ ಕಂಡಿದ್ದು?"

ಸೊಣ್ಣಪ್ಪ ಹಿತ್ತಲಿಗೆ ಹೋಗಿ ಇನ್ನೊಂದು ಬಾಳೆ ಎಲೆ ಕೊಯ್ದು ತಂದ. ಎಡೆಗೆ ಹೊಸ ಬಟ್ಟೆ ಇಡಬೇಕಲ್ಲ. ಗಂಡಸೋ ಹೆಂಗಸೋ ತಿಳಿಯದೆ ಪಂಚೆಯನ್ನೂ ಸೀರೆಯನ್ನೂ ಇಟ್ಟ. ಹೆಂಡತಿ ಎಲೆಯನ್ನು ಬಾಗಿಲ ಹತ್ತಿರದ ಮೂಲೆಗೆ ಹಾಕಹೊರಟಾಗ ತಡೆದ.

"ಅಲ್ಲಿ ಬ್ಯಾಡ. ನಮ್ಮವ್ವನ ಪಕ್ಕಕ್ಕೇ ಆಕು. ಹೊಸಬ್ರು ಬಂದ್ರೆ ಬಡಿಸಿ ಬಡಿಸಿ ಉಣ್ಸೋಳು ಅವ್ಳು."