ಅಟ್ಟಕ್ಕೆ ಹಾಕಿದ ಮೊಮ್ಮಗಳು

ನಿನ್ನೆ ಹಳೇ ಪೇಪರಿನವನು ಬೀದಿಯಲ್ಲಿ ಕೂಗಿಕೊಂಡು ಬಂದ. ಅವನಿಗೆ ಹಾಕೋಣವೆಂದು ಗೂಡಿನಲ್ಲಿದ್ದ ಹಳೇ ಪಂಚಾಂಗ, ಮದುವೆ ಕಾಗದ, ಕರೆಂಟ್ ಬಿಲ್ಲುಗಳನ್ನೆಲ್ಲ ಹೊರಗೆಳೆದೆ. ಅವುಗಳ ನಡುವೆ ಒಂದು ಕಾಪಿ ಪುಸ್ತಕ ಸಿಕ್ಕಿತು. ರಟ್ಟಿನ ಮೇಲೆ ನನ್ನ ಮೊಮ್ಮಗಳು ಗಾನವಿಯ ಹೆಸರು, ಕೆಳಗೆ ಎಲ್‌ಕೆಜಿ. ಒಳಗೆ ಪುಟದ ತುಂಬ ಅ, ಆ, ಇ, ಈ. ಪುಟಕ್ಕೊಂದರಂತೆ ಕೆಂಪು ಶಾಯಿಯ ಸ್ಟಾರು. ಎಣಿಸಿದೆ, ಇಪ್ಪತ್ತೊಂದು ಇದ್ದವು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಇಪ್ಪತ್ತೊಂದೂ ಸ್ಟಾರು ನನ್ನವು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಅಷ್ಟೂ ವರ್ಷಗಳಲ್ಲಿ ಮೇಷ್ಟ್ರು ನನ್ನ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಮಾತು, 'ತಂದೆಯನ್ನು ಕರೆದುಕೊಂಡು ಬಾ'. ಸ್ಟಾರು ಸಿಕ್ಕಿದ್ದು ಎಪ್ಪತ್ತು ದಾಟಿದ ಮೇಲೆ, ಅದೂ ಎಡಗೈಯಲ್ಲಿ ಬರೆದು. ಇದು ಹೆಮ್ಮೆಯಿಂದ ಹೇಳುವ ಮಾತಲ್ಲ. ಆದರೂ ಪುಸ್ತಕ ಹಿಡಿದು ನೋಡುವಾಗ ಒಂದು ಚೂರು ಹೆಮ್ಮೆಯಾದದ್ದು ಸುಳ್ಳಲ್ಲ.

ನಮ್ಮದು ಹೊನ್ನವಳ್ಳಿ ಕಡೆಯ ಊರು. ಮಗ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವನು. ಬೆಳಿಗ್ಗೆ ಬೈಕ್ ಹತ್ತಿದರೆ ಯಾವ ಊರಿನ ಯಾವ ತೋಟದಲ್ಲಿರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಸೊಸೆ ಸುಧಾ ತಿಪಟೂರಿನ ಬಟ್ಟೆ ಅಂಗಡಿಯಲ್ಲಿ ಸೀರೆ ವಿಭಾಗ ನೋಡಿಕೊಳ್ಳುತ್ತಾಳೆ. ಒಂಬತ್ತರ ಬಸ್ಸಿಗೆ ಹೋದರೆ ಆರರ ಬಸ್ಸಿಗೆ ವಾಪಸ್ಸು. ನಮ್ಮಾಕೆ ತೀರಿಕೊಂಡು ಆರು ವರ್ಷವಾಯಿತು. ಹೀಗಾಗಿ ಗಾನವಿ ಶಾಲೆಯಿಂದ ಬರುವ ಒಂದು ಗಂಟೆಯಿಂದ ಅವಳಮ್ಮ ಬರುವ ಆರು ಗಂಟೆಯವರೆಗೆ ಮನೆಯಲ್ಲಿ ನಾವಿಬ್ಬರೇ. ಇದು ಹೋದ ವರ್ಷದ ಮಾತು.

ಮಧ್ಯಾಹ್ನ ಎರಡಕ್ಕೆ ನಮ್ಮ ಜಗಲಿಯ ಮೇಲೆ ನನ್ನ ವಾರಿಗೆಯವರು ಮೂವರು ಇಸ್ಪೀಟಿಗೆ ಸೇರುತ್ತಿದ್ದರು. ಮಗು ಮಧ್ಯೆ ಬಂದು ರಾಣಿ ಎಲೆಯನ್ನು ಎತ್ತಿಕೊಂಡು ಓಡುತ್ತಿತ್ತು. ಒಂದು ದಿನ ಓಡಿಸಿಕೊಂಡು ಹೋಗಿ ಸಾಕಾಗಿ, ನನ್ನ ಫೋನಿನಲ್ಲಿ ಬಣ್ಣಬಣ್ಣದ ಮೀನು ಕುಣಿಯುವ ಆಟವೊಂದನ್ನು ಹಾಕಿ ಕೈಗೆ ಕೊಟ್ಟೆ. ಮನೆ ನಿಶ್ಶಬ್ದವಾಯಿತು. ಅಂಥ ನಿಶ್ಶಬ್ದ ನಮ್ಮ ಮನೆಯಲ್ಲಿ ಇರುವುದು ಅಟ್ಟದ ಮೇಲೆ ಮಾತ್ರ.

ಅಟ್ಟದ ವಿಷಯ ಹೇಳಲೇಬೇಕು, ಯಾಕೆಂದರೆ ನನ್ನ ತಪ್ಪೆಲ್ಲ ಅಲ್ಲಿಂದಲೇ ಇಳಿದು ಬಂದದ್ದು. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ಮುಟ್ಟುವಂತಿಲ್ಲ, ಉರುಳಿಸುವಂತಿಲ್ಲ. ಒಳಗಿನ ನೀರು ತಾನೇ ಇಂಗಿ, ತಿರುಳು ತಾನೇ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗಡಗಡ ಎಂದರೆ ಆಯಿತು, ಇಳಿಸಬಹುದು. ಐವತ್ತು ವರ್ಷ ಈ ಕಸುಬು ಮಾಡಿದವನಿಗೆ ಒಂದು ನಂಬಿಕೆ ಬೇರೂರಿಬಿಟ್ಟಿರುತ್ತದೆ: ನೆರಳಿನಲ್ಲಿ ಅಲುಗದೆ ಇರುವ ವಸ್ತುವೆಲ್ಲ ಒಳಗೊಳಗೇ ಹಣ್ಣಾಗುತ್ತಿರುತ್ತದೆ. ಗಾನವಿ ಮೂಲೆಯಲ್ಲಿ ಅಲುಗದೆ ಕೂತಿದ್ದಳು. ನಾನು ಅವಳನ್ನು ಅಟ್ಟಕ್ಕೆ ಹಾಕಿದವನ ಹಾಗೆ ನಿಶ್ಚಿಂತೆಯಿಂದ ಎಲೆ ಹಂಚಿದೆ.

ಸುಧಾಗೆ ಫೋನು ಕಂಡರೆ ಆಗದು. ಆದ್ದರಿಂದ ಆರರ ಬಸ್ಸಿನ ಹಾರ್ನ್ ತಿರುವಿನಲ್ಲಿ ಕೇಳಿದೊಡನೆ ಫೋನು ನನ್ನ ಜೇಬಿಗೆ, ಪುಸ್ತಕ ಗಾನವಿಯ ತೊಡೆಗೆ. ಆದರೆ ಪುಸ್ತಕದಲ್ಲಿ ಏನಾದರೂ ಬರೆದಿರಬೇಕಲ್ಲ? ಪೆನ್ಸಿಲ್ ಕೊಟ್ಟರೆ ಹುಡುಗಿ ಅದನ್ನು ಒನಕೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು ಎರಡು ಗೆರೆ ಎಳೆದು ಬಿಸಾಕುತ್ತಿದ್ದಳು. ಇನ್ನೇನು ಬಸ್ಸು ಬಂತು ಎನ್ನುವ ಆತುರದಲ್ಲಿ ಒಂದು ಸಂಜೆ ನಾನೇ ಬರೆದೆ. ಬಲಗೈಯಲ್ಲಿ ಬರೆದರೆ ಕೊಬ್ಬರಿ ಮಂಡಿಯ ಲೆಕ್ಕ ಬರೆದ ಕೈ ಎಂದು ಗುರುತು ಸಿಗುತ್ತದೆಂದು ಎಡಗೈಯಲ್ಲಿ ಬರೆದೆ. ಮರುದಿನ ಸ್ಟಾರು ಬಂತು. ಆಮೇಲೆ ನಾನು ಸುಮ್ಮನಿರಲಿಲ್ಲ. 'ಈ' ಅಕ್ಷರ ತಿದ್ದಲು ಒಂದು ದಿನ ಇಸ್ಪೀಟನ್ನೇ ಬಿಟ್ಟೆನೆಂದರೆ ನೀವು ನಂಬುವುದಿಲ್ಲ.

ಡಿಸೆಂಬರಿನಲ್ಲಿ ಶಾಲೆಯಿಂದ ಕರೆ ಬಂತು. ಸುಧಾ ರಜೆ ಹಾಕಿದಳು, ನಾನೂ ಜೊತೆಗೆ ಹೋದೆ. ಮಿಸ್ಸು ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ನಮ್ಮ ಮುಂದೆಯೇ ಗಾನವಿಗೆ ಗುಂಡಿ ಹೊಲಿದ ಬಟ್ಟೆಯೊಂದನ್ನು ಕೊಟ್ಟು, "ಗುಂಡಿ ಬಿಚ್ಚು ಪುಟ್ಟಿ" ಅಂದಳು. ಗಾನವಿ ತೋರುಬೆರಳಿನಿಂದ ಗುಂಡಿಯನ್ನು ಒಮ್ಮೆ ಮುಟ್ಟಿ, ಅದು ತಾನೇ ತೆರೆದುಕೊಳ್ಳಲಿ ಎಂದು ಕಾದಳು. ತೆರೆದುಕೊಳ್ಳಲಿಲ್ಲ. ಎರಡು ಸಲ ಮುಟ್ಟಿದಳು. ಚಿತ್ರದ ಪುಸ್ತಕ ಕೊಟ್ಟರೆ ಹಾಳೆ ತಿರುವದೆ ಆನೆಯ ಮೇಲೆ ಬೆರಳಾಡಿಸಿ ಪಕ್ಕಕ್ಕೆ ತಳ್ಳಿದಳು. ಆನೆ ಅಲ್ಲೇ ನಿಂತಿತ್ತು.

"ಬೆರಳಲ್ಲಿ ಬಲಾನೇ ಇಲ್ಲ ಅಮ್ಮ," ಅಂದಳು ಮಿಸ್ಸು. "ಹಿಸುಕೋದು, ಹರಿಯೋದು, ಪೋಣಿಸೋದು, ಕಲಸೋದು ಮಾಡಿಸಿ. ಇಲ್ಲದಿದ್ರೆ ಮುಂದಿನ ವರ್ಷಾನೂ ಇದೇ ಕ್ಲಾಸಲ್ಲಿ ಕೂರಿಸ್ಬೇಕಾಗುತ್ತೆ. ಒಂದೇ ಆಶ್ಚರ್ಯ, ಮನೇಲಿ ಎಷ್ಟು ಚೆನ್ನಾಗಿ ಬರೀತಾಳಲ್ಲ?"

"ನಮ್ಮ ಮಾವ ದಿನಾ ಕೂತ್ಕೊಂಡು ಬರೆಸ್ತಾರೆ ಮಿಸ್, ಪಾಪ," ಅಂದಳು ಸುಧಾ.

ಮಿಸ್ಸು ನನಗೆ ಕೈ ಮುಗಿದಳು. ನಾನೂ ಮುಗಿದೆ. ಇನ್ನೇನು ಮಾಡಲಿ?

"ಫೋನ್ ಕೊಡ್ತೀರಾ ಮನೇಲಿ?"

ಸುಧಾ ತಲೆ ತಗ್ಗಿಸಿದಳು. "ಬೆಳಿಗ್ಗೆ ತಿಂಡಿ ತಿನ್ನಿಸೋವಾಗ ಒಂದು ಹತ್ತು ನಿಮಿಷ ನಾನೇ ಕೊಟ್ಟಿದೀನಿ ಮಿಸ್. ಅದೇ ಜಾಸ್ತಿ ಆಯ್ತೇನೋ."

ನಾನು ಗೋಡೆಯ ಮೇಲಿನ ಹಣ್ಣುಗಳ ಚಿತ್ರ ನೋಡುತ್ತಿದ್ದೆ. ಬಾಯಿ ಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಬಿಡಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಸುಧಾ ಕಿಟಕಿಯ ಕಡೆ ತಿರುಗಿ, "ಈ ತಿಂಗಳ ಕೊನೆಗೆ ಕೆಲಸ ಬಿಟ್ಟುಬಿಡ್ತೀನಿ ಮಾವ" ಅಂದಳು. ಹಿಂದೊಮ್ಮೆ ಇದೇ ಬಸ್ಸಿನಲ್ಲಿ ನಗುತ್ತಾ ಹೇಳಿದ್ದಳು, "ಊರಲ್ಲಿ ನಾನು ನಿಮ್ಮ ಸೊಸೆ, ಗಾನವಿ ಅಮ್ಮ. ಅಂಗಡೀಲಿ ಮಾತ್ರ ಸುಧಾ." ಆ ಮಾತು ನನಗೆ ನೆನಪಿತ್ತು. ನೆನಪಿದ್ದೂ ಟಿಕೆಟ್ಟನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದೆ.

ಆ ವಾರವೇ ಹಂದನಕೆರೆಯಿಂದ ನನ್ನ ಅಕ್ಕ ಗಂಗಮ್ಮ ಒಂದು ಚೀಲ ಅವರೆಕಾಯಿ ಹೊರಿಸಿಕೊಂಡು ಬಂದಳು. ಅಕ್ಕನಿಗೆ ಎಂಬತ್ತು, ನಾಲಿಗೆಗೆ ಇನ್ನೂ ಇಪ್ಪತ್ತು. ಬಂದವಳು ಅರ್ಧ ಗಂಟೆಯಲ್ಲಿ ಮನೆಯ ಸಮಾಚಾರವೆಲ್ಲ ತಿಳಿದುಕೊಂಡು ತೀರ್ಪು ಕೊಟ್ಟಳು. "ಅವ್ವ ಸೀರೆ ಮಡ್ಚಕ್ಕೆ ಪ್ಯಾಟೆಗೋದ್ರೆ ಕೂಸು ಇನ್ನೆಂಗಾಯ್ತದೆ, ಬುಡು." ಒಳಗೆ ಪಾತ್ರೆ ತೊಳೆಯುತ್ತಿದ್ದ ಸುಧಾಗೆ ಕೇಳಿಸಿತು. ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮರುದಿನ ಮಧ್ಯಾಹ್ನ ಅಕ್ಕ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಪಡಸಾಲೆಯ ನಡುವೆ ಇಟ್ಟಳು. ಹಿದುಕಿದ ಬೇಳೆಯ ಕೆಲಸ ಗೊತ್ತಲ್ಲ, ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಂಡಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಚಕ್ಕನೆ ಹೊರಗೆ. ಗಾನವಿ ಒಂದು ಕಾಳನ್ನು ನೆಲದ ಮೇಲಿಟ್ಟು ಬೆರಳಿನಿಂದ ಮುಟ್ಟಿದಳು.

"ಮುಟ್ಟಿದ್ರೆ ಬರಲ್ಲ ಕಣವ್ವ. ಅದೇನು ದೇವ್ರೇ? ಹಿಂಡು, ಎಲ್ಡು ಬೆಳ್ಳು ಸೇರ್ಸಿ," ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀನೇನ್ಲಾ ನಿಂತ್ಕೊಂಡು ನೋಡ್ತೀಯ? ಉಣ್ಣಕ್ಕೆ ಮಾತ್ರ ಮುಂದೆ. ಕೂತ್ಕೋ."

ಕೂತೆ. ಎಪ್ಪತ್ತು ವರ್ಷ ಹಿದುಕಿದ ಬೇಳೆ ಸಾರು ಹೊಡೆದಿದ್ದೇನೆ, ಒಂದು ಕಾಳನ್ನೂ ಹಿದುಕಿರಲಿಲ್ಲ. ನಮ್ಮ ಮನೆಗಳಲ್ಲಿ ಬೆರಳಿನ ಕೆಲಸವೆಲ್ಲ ಹೆಂಗಸರದು. ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಕಲ್ಲು ಆರಿಸುವುದು, ಎಲ್ಲ. ನಾವು ಗಂಡಸರು ಎರಡೂ ಕೈ ಬೇಕಾಗುವ ಕೆಲಸ ಮಾಡಿ ಮೀಸೆ ತಿರುವಿದವರು. ನನ್ನ ಮೊದಲ ಕಾಳು ಅಪ್ಪಚ್ಚಿಯಾಯಿತು. ಎರಡನೆಯದು ಹಾರಿ ಅಕ್ಕನ ತುರುಬಿನಲ್ಲಿ ಕೂತಿತು. ಗಾನವಿ ಕೇಕೆ ಹಾಕಿ ನಕ್ಕಳು. ಹಾಗೆ ಹಾರಿಸುವ ಆಸೆಯಿಂದಲೇ ಅವಳು ಹಿಂಡಲು ಶುರು ಮಾಡಿದ್ದು. ಕಾಳು ಜಾರಿತು, ಬಿತ್ತು, ಕಣ್ಣಲ್ಲಿ ನೀರು ಬಂತು, ಮತ್ತೆ ಹಿಡಿದಳು. ಎಷ್ಟೋ ಹೊತ್ತಿನ ಮೇಲೆ ಒಂದು ಬೇಳೆ ನೆಟ್ಟಗೆ ಬಂದು ನನ್ನ ಕನ್ನಡಕಕ್ಕೆ ಬಡಿಯಿತು.

"ತಾತಂಗೆ ಹೊಡ್ದೆ!"

"ಇನ್ನೊಂದು ಹೊಡಿ. ಕಾಳು ಬೇಕಾದಂಗದೆ," ಅಂದಳು ಅಕ್ಕ.

ಇಸ್ಪೀಟಿನವರು ಜಗಲಿಗೆ ಬಂದು, ನನ್ನ ಅವಸ್ಥೆ ನೋಡಿ, "ಏನಪ್ಪಾ, ಬಾಣಸಿಗನಾದೆಯಾ?" ಎಂದು ನಕ್ಕು ಹೋದರು. ಐದನೇ ದಿನದ ಹೊತ್ತಿಗೆ ಗಾನವಿ ಒಂದು ಬಟ್ಟಲು ಬೇಳೆ ತೆಗೆದಳು, ನಾನು ಅರ್ಧ ಬಟ್ಟಲು. ಅವಳು ತಟ್ಟೆಗೆ ತಾನೇ ಕೈ ಹಾಕಿ ಮುದ್ದೆ ಮುರಿದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮಗುವಿನ ಬೆರಳು ಸರಿಯಾಗುತ್ತಿದೆ, ಸರಿಯಾಗುವಂಥದ್ದೇ ಅದು. ಕೆಡಿಸಿದ್ದು ನನ್ನ ಫೋನು, ಸುಧಾ ಕೆಲಸ ಬಿಡಬೇಕಾದ್ದಿಲ್ಲ. ಅದು ಗೊತ್ತಿರುವುದು ನನಗೊಬ್ಬನಿಗೆ, ತಿಂಗಳು ಮುಗಿಯಲು ಉಳಿದಿರುವುದು ನಾಲ್ಕು ದಿನ.

ಆ ಸಂಜೆ ಸುಧಾ ಬಂದವಳು ಚಪ್ಪಲಿ ಬಿಡುತ್ತಾ, "ಓನರ್‌ಗೆ ನಾಳೆ ಹೇಳ್ಬಿಡ್ತೀನಿ ಅತ್ತೆ" ಅಂದಳು. ಅಕ್ಕ, "ಮೊದ್ಲೇ ಮಾಡ್ಬೇಕಿತ್ತು" ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ.

"ಸುಧಾ, ಫೋನ್ ಕೊಟ್ಟೋನು ನಾನು. ದಿನಾ. ಒಂದು ಗಂಟೆಯಿಂದ ನಿನ್ನ ಬಸ್ಸು ಬರೋ ತನಕ."

ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧ ಎಂದೂ ಹೊರಬಾರದೆಂದು ಗೊತ್ತಿತ್ತು. ಕಾಪಿ ಪುಸ್ತಕ ತಂದು, ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು, ಅವರ ಮುಂದೆಯೇ ಒಂದು 'ಈ' ಬರೆದು ತೋರಿಸಿದೆ.

"ತಾತ ಚೆನ್ನಾಗಿ ಬರೀತಾನೆ ಅಮ್ಮ!" ಅಂದಳು ಗಾನವಿ, ಹೆಮ್ಮೆಯಿಂದ.

ಸುಧಾ ಪುಟಗಳನ್ನು ಒಂದೊಂದಾಗಿ ತಿರುವಿದಳು. "ಇಷ್ಟೂ ನಿಮ್ದಾ ಮಾವ?"

"ಹೂಂ."

"ಮಿಸ್ ಮುಂದೆ ನಾನು ತಲೆ ತಗ್ಗಿಸಿ ನಿಂತಿದ್ದಾಗ ನೀವು ಪಕ್ಕದಲ್ಲೇ ಇದ್ರಿ."

ಅದಕ್ಕೂ ಹೂಂ ಅಂದೆ. ಅವಳು ಪುಸ್ತಕವನ್ನು ನನ್ನ ಪಕ್ಕ ಇಟ್ಟು ಒಳಗೆ ಹೋದಳು. ಬೈದಿದ್ದರೆ ಸುಲಭವಿತ್ತು. ಬೈಯುವ ಕೆಲಸ ಅಕ್ಕ ವಹಿಸಿಕೊಂಡಳು. "ಥೂ ನಿನ್ನ! ಕಾಪಿ ಹೊಡೆಯೋ ಬುದ್ಧಿ ಇಸ್ಕೂಲಲ್ಲೇ ಇತ್ತು, ಇನ್ನೂ ಬುಟ್ಟಿಲ್ವಲ್ಲಾ!" ಸುಧಾಗೆ ತಪ್ಪಾಯಿತು ಎನ್ನಲು ಮಾತ್ರ ಅಕ್ಕನಿಗೂ ಬಾಯಿ ಬರಲಿಲ್ಲ. ಊಟಕ್ಕೆ ಕೂತಾಗ ಸುಧಾಳ ತಟ್ಟೆಗೆ ಮಾತ್ರ ಒಂದು ಸೌಟು ಬೇಳೆ ಹೆಚ್ಚಿಗೆ ಬಿತ್ತು.

ಮರುದಿನ ನಾನೊಬ್ಬನೇ ಶಾಲೆಗೆ ಹೋಗಿ ಮಿಸ್ಸಿಗೂ ಹೇಳಿದೆ. ಅವಳು ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕಳು, ಆಮೇಲೆ ಗಂಭೀರವಾದಳು. "ತಾತ, ನಾನು ಇಷ್ಟು ದಿನ ನಿಮಗೆ ಪಾಠ ಮಾಡ್ತಿದ್ದೆ, ಇವಳಿಗಲ್ಲ" ಅಂದಳು. ಅದಕ್ಕಿಂತ ದೊಡ್ಡ ಬೈಗುಳವನ್ನು ಯಾವ ಮೇಷ್ಟ್ರೂ ನನಗೆ ಬೈದಿರಲಿಲ್ಲ.

ಸುಧಾ ಕೆಲಸ ಬಿಡಲಿಲ್ಲ. ಬದಲಿಗೆ ನನ್ನನ್ನು ಕೆಲಸದಿಂದ ತೆಗೆದಳು. ಅಕ್ಕನನ್ನು ಬೇಡಿಕೊಂಡು ಇಲ್ಲೇ ಉಳಿಸಿಕೊಂಡಳು. ಮಗುವಿಗೂ ನನಗೂ ಅಕ್ಕನೇ ಕಾವಲು. ಅವರಿಬ್ಬರೂ ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಬಿಡಿಸಿದರು, ಕಾಯಿಯ ಜುಂಗು ಎಳೆದು ಹಗ್ಗ ಹೊಸೆದರು, ರೊಟ್ಟಿ ತಟ್ಟಿದರು. ಗಾನವಿ ಯುಕೆಜಿಗೆ ಹೋದಳು. ಸುಧಾ ನನಗೆ ಕಾಫಿ ಕೊಡುತ್ತಿದ್ದಳು, ಮಾತ್ರೆ ನೆನಪಿಸುತ್ತಿದ್ದಳು, ಎಲ್ಲದರಲ್ಲೂ ಸರಿಯಾಗಿದ್ದಳು. ಮಗುವಿನ ವಿಷಯವನ್ನು ಮಾತ್ರ ನನ್ನ ಹತ್ತಿರ ಎತ್ತುತ್ತಿರಲಿಲ್ಲ. ಒಂದು ವರ್ಷ ಹಾಗೇ ಕಳೆಯಿತು. ಅದು ನನಗೆ ಸಲ್ಲಬೇಕಾದದ್ದೇ.

ಮೊನ್ನೆ ಅಕ್ಕ ತನ್ನ ತೋಟದ ಕಾಯಿ ಕೀಳಿಸಬೇಕೆಂದು ಹಂದನಕೆರೆಗೆ ಹೋದಳು. ನಿನ್ನೆ ಭಾನುವಾರವಾದ್ದರಿಂದ ಸುಧಾ ಮನೆಯಲ್ಲೇ ಇದ್ದಳು. ಇವತ್ತು ಬೆಳಿಗ್ಗೆ ಅವಳು ಏಳುವಾಗಲೇ ತಡವಾಗಿತ್ತು. ಡಬ್ಬಿ ತುಂಬಿಕೊಂಡು, ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಾ ಬಾಗಿಲಿಗೆ ಬಂದವಳು ಹೊಸ್ತಿಲಲ್ಲಿ ನಿಂತಳು. ಗಾನವಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು, "ಇವಳಿಗೊಂದು ಜಡೆ ಹಾಕಿ ಶಾಲೆಗೆ ಕಳಿಸಿ ಮಾವ. ಮಧ್ಯಾಹ್ನ ನಿಮ್ಮ ಹತ್ರಾನೇ ಇರ್ತಾಳೆ" ಎಂದು ಬಸ್ಸಿಗೆ ಓಡಿದಳು.

ಜಡೆ ಹಾಕುವುದು ನನಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಕೊಟ್ಟಳು. ಗಾನವಿ ನನ್ನ ಮುಂದೆ ಬೆನ್ನು ಹಾಕಿ ಕೂತು, ಕೈ ಹಿಂದೆ ತಂದು, ಕೂದಲನ್ನು ತಾನೇ ಮೂರು ಪಾಲು ಮಾಡಿ ನನ್ನ ಬೆರಳುಗಳ ನಡುವೆ ಸಿಕ್ಕಿಸಿದಳು. "ಇದು ಮೇಲೆ, ಇದು ಒಳಗೆ. ಬಿಗಿಯಾಗಿ ಹಿಡ್ಕೋ ತಾತ." ಹಿಡಿದೆ. ಹೆಣೆದು ಮುಗಿಸಿದಾಗ ಜಡೆ ಎಡಕ್ಕೆ ಸೊಟ್ಟಗೆ ತಿರುಗಿತ್ತು. ಅವಳು ತಡವಿ ನೋಡಿ, ಏನೂ ಬೈಯದೆ, ಸರಸರನೆ ಪೂರ್ತಿ ಬಿಚ್ಚಿದಳು.

"ಇನ್ನೊಂದ್ಸಲ ಹಾಕು," ಅಂದಳು. "ಟೈಮಿದೆ."